ಸೆಲ್ಫ್ ಉಂಟು, ಸ್ಟಾರ್ಟ್ ಇಲ್ಲ

ನಮ್ಮ ತೋಟದ ಅಂಚಿನಲ್ಲಿ ಒಂದು ಭೀಮರಾಜ ಪಕ್ಷಿ ಇತ್ತು. ಬಾಲದಲ್ಲಿ ಎರಡು ಉದ್ದ ಕಡ್ಡಿ, ಕಡ್ಡಿಯ ತುದಿಗೆ ಒಂದೊಂದು ಗರಿಯ ಕುಚ್ಚು. ಸುತ್ತಲಿನ ಹಕ್ಕಿಗಳನ್ನೆಲ್ಲ ಅಣಕಿಸುವುದು ಅದರ ಕಸುಬು. ಬೆಕ್ಕಿನ ಹಾಗೆ ಕೂಗಿ ನಮ್ಮ ನಾಯಿಯನ್ನು ಅಂಗಳದ ಉದ್ದಕ್ಕೂ ಓಡಿಸುತ್ತಿತ್ತು. ಒಂದು ಮಳೆಗಾಲದ ಕೊನೆಗೆ ಅದು ನಮ್ಮ ಕಾರಿನ ಸದ್ದನ್ನೂ ಕಲಿತುಬಿಟ್ಟಿತು ಎಂದು ನನ್ನ ಹೆಂಡತಿ ಇವತ್ತಿಗೂ ಬಂದವರೆದುರು ಹೇಳುತ್ತಾಳೆ. ಕಾರು ಓಡುವ ಸದ್ದಲ್ಲ, ಸ್ಟಾರ್ಟ್ ಆಗದ ಸದ್ದು. ಕುಯ್ಯ ಕುಯ್ಯ ಕುಯ್ಯ ಕುಯ್ಯ. ಆಮೇಲೆ ತುಸು ತಡೆದು, ಬ್ಯಾಟರಿಗೆ ಸುಸ್ತಾದ ಹಾಗೆ, ಕುಯ್ಯಾ... ಕುಯ್ಯಾ... ಕು. ನಾನು ಇದನ್ನು ಒಪ್ಪಿಲ್ಲ. ಆದರೆ ಆ ವರ್ಷ ಹಕ್ಕಿಗೆ ಪಾಠ ಕೇಳಲು ಬೇಕಾದಷ್ಟು ಬೆಳಗುಗಳು ಸಿಕ್ಕಿದ್ದವು ಎಂಬುದನ್ನು ಅಲ್ಲಗಳೆಯುವ ಹಾಗಿಲ್ಲ.

ಈ ಕಾಯಿಲೆಗೆ ನಮ್ಮ ಕಡೆ ಹೆಸರಿಲ್ಲ, ಒಂದು ವಾಕ್ಯವಿದೆ: 'ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗ್ತಿಲ್ಲ.' ಸೆಲ್ಫ್ ಸ್ಟಾರ್ಟರ್ ಎಂಬ ಜೋಡಿಪದದ ಬಾಲ ಕತ್ತರಿಸಿ ತಲೆಯನ್ನಷ್ಟೇ ಇಟ್ಟುಕೊಂಡದ್ದು ಗ್ಯಾರೇಜಿನವರ ಜಾಣತನ. ಉಪನಿಷತ್ತು ಓದಿಕೊಂಡಿದ್ದ ನಮ್ಮ ದೊಡ್ಡಪ್ಪನಿಗೆ ಈ ಮಾತು ಬಹಳ ಹಿಡಿಸಿತ್ತು. ಸೆಲ್ಫ್ ಎಂದರೆ ಆತ್ಮ. ಆತ್ಮವಿದೆ, ಚೈತನ್ಯವಿದೆ, ಆದರೆ ಕಾರ್ಯ ಮಾತ್ರ ಹುಟ್ಟುತ್ತಿಲ್ಲ! ಡಿಗ್ರಿ ಮುಗಿಸಿ ಮೂರು ವರ್ಷ ಜಗುಲಿಯಲ್ಲಿ ಕೂತು ದಿನಕ್ಕೊಂದು ಉದ್ಯಮದ ಲೆಕ್ಕ ಹಾಕುತ್ತಿದ್ದ ನನ್ನನ್ನು ತೋರಿಸಿ, ಕವಳ ಹಾಕಲು ಬಂದವರಿಗೆಲ್ಲ, 'ಇವನಿಗೆ ಸೆಲ್ಫ್ ಉಂಟು ಮಾರಾಯ್ರೆ, ಸ್ಟಾರ್ಟ್ ಇಲ್ಲ' ಎನ್ನುತ್ತಿದ್ದರು. ನನಗೆ ಆಗ ಕಾರು ಇರಲಿಲ್ಲ. ಆದ್ದರಿಂದ ಅದು ಎಷ್ಟು ಸರಿಯಾದ ಬೈಗುಳ ಎಂದು ತಿಳಿಯಲು ಹತ್ತು ವರ್ಷ ಹಿಡಿಯಿತು.

ಕಾರು ಪೂರ್ತಿ ಸತ್ತುಹೋದರೆ ಅಷ್ಟೇನೂ ತೊಂದರೆ ಇಲ್ಲ. ಕೀಲಿ ತಿರುಗಿಸಿದಿರಿ, 'ಚಟ್' ಎಂದಿತು, ಸುಮ್ಮನಾಯಿತು. ಬ್ಯಾಟರಿ ಹೋಗಿದೆ ಅಂದುಕೊಂಡು ಕೊಡೆ ಬಿಚ್ಚಿ ಬಸ್ಸಿಗೆ ನಡೆಯುತ್ತೀರಿ. 'ಟಕಟಕಟಕ' ಎಂದು ಹಲ್ಲು ಕಟಕಟಾಯಿಸಿದರೂ ಹೆಚ್ಚಿನ ಸಲ ಬ್ಯಾಟರಿಯದೇ ನಿತ್ರಾಣ, ಇಲ್ಲವೇ ಅದರ ತಲೆಯ ಮೇಲೆ ಬೆಳೆದ ಬಿಳಿ ಬೂಷ್ಟಿನ ಕಿತಾಪತಿ. 'ಝುಂಯ್' ಎಂದು ಮೋಟರಷ್ಟೇ ಹಗುರಾಗಿ ತಿರುಗಿ ಎಂಜಿನ್ನು ಅಲುಗದಿದ್ದರೆ 'ಬೆಂಡಿಕ್ಸ್ ಹಿಡೀತಿಲ್ಲ' ಎನ್ನುತ್ತಾರೆ. ಮೋಟರಿನ ಮೂತಿಯ ಸಣ್ಣ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಚಕ್ರಕ್ಕೆ ಕಚ್ಚಿಕೊಂಡಿಲ್ಲ ಎಂದರ್ಥ. ಇವೆಲ್ಲ 'ಆಗುವುದಿಲ್ಲ' ಎಂದು ಮುಖಕ್ಕೆ ಹೇಳಿಬಿಡುವ ಜಾತಿ. ಕುಯ್ಯ ಕುಯ್ಯ ಹಾಗಲ್ಲ. ಅದು ಕಚೇರಿಯಲ್ಲಿ ಕೂತು 'ನಾಳೆ ಬನ್ನಿ, ನೋಡುವ' ಎನ್ನುವ ಜಾತಿ. ಬ್ಯಾಟರಿ ಸರಿ ಇದೆ, ಮೋಟರು ಸರಿ ಇದೆ, ಎಂಜಿನ್ನು ತಿರುಗುತ್ತಲೂ ಇದೆ. ಇನ್ನೊಂದು ಸಲ ತಿರುಗಿಸಿದರೆ ಹತ್ತಿಕೊಂಡೇಬಿಡುತ್ತದೆ ಅನ್ನಿಸುತ್ತದೆ. ನಡುವೆ ಒಮ್ಮೆ 'ಭುಸ್' ಅನ್ನುವುದೂ ಉಂಟು. ಆ ಒಂದು ಭುಸ್ಸಿನ ಆಸೆಗೆ ಮನುಷ್ಯ ಅರ್ಧ ಗಂಟೆ ಕೀಲಿ ತಿರುಗಿಸುತ್ತಾನೆ, ಬಾನೆಟ್ ಎತ್ತಿ ನೋಡುವುದಿಲ್ಲ.

ನಾನು ಮೊದಲು ಕಂಡ ಕುಯ್ಯ ಕುಯ್ಯ ಅಪ್ಪಯ್ಯನ ಹಳೆಯ ಕಾರಿನದು. ದುಂಡು ಮೂತಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಉದ್ದನೆಯ ಒಂದೇ ಸೀಟು. ಏಪ್ರಿಲ್ ತಿಂಗಳ ಮಧ್ಯಾಹ್ನ ಉಡುಪಿಯಿಂದ ವಾಪಸು ಬರುತ್ತ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ, ಮೇಲೆ ಬಂದು ಚಹಾಕ್ಕೆ ನಿಲ್ಲಿಸಿದೆವು. ಹತ್ತಿ ಬಂದ ಕಾರು, ಚಹಾ ಕುಡಿದು ಬರುವಷ್ಟರಲ್ಲಿ, ಒಲ್ಲೆ ಎಂದಿತು. ಹತ್ತುವಾಗ ಇಲ್ಲದ ರೋಗ ನಿಂತಾಗ ಎಲ್ಲಿಂದ ಬಂತು ಎಂದು ಅಪ್ಪಯ್ಯ ಕೀಲಿ ತಿರುಗಿಸಿದರು, ಬೈದರು, ಮತ್ತೆ ತಿರುಗಿಸಿದರು. ಪಕ್ಕದಲ್ಲಿ ನಿಂತಿದ್ದ ಲಾರಿಯ ಡ್ರೈವರು ಬಂದು, ಏನೂ ಮಾತಾಡದೆ ತನ್ನ ಹೆಗಲ ಬೈರಾಸನ್ನು ಚಹಾದಂಗಡಿಯ ಬಕೇಟಿನಲ್ಲಿ ಅದ್ದಿ, ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿದ್ದ ಪೆಟ್ರೋಲ್ ಪಂಪಿಗೆ ಸುತ್ತಿದ. ಮೇಲಿನಿಂದ ಎರಡು ಚೊಂಬು ನೀರು ಹನಿಸಿದ. ಓಡುವಾಗ ಗಾಳಿ ಬಡಿಯುತ್ತಿರುತ್ತದೆ, ತಣ್ಣಗಿನ ಪೆಟ್ರೋಲು ಹರಿಯುತ್ತಿರುತ್ತದೆ. ನಿಂತ ಮೇಲೆ ಎರಡೂ ಇಲ್ಲ, ಎಂಜಿನ್ನಿನ ಕಾವೆಲ್ಲ ಪಂಪಿಗೂ ಪೈಪಿಗೂ ಏರುತ್ತದೆ, ಒಳಗಿನ ಪೆಟ್ರೋಲು ಅಲ್ಲೇ ಆವಿಯಾಗುತ್ತದೆ. ಪಂಪು ಹುಟ್ಟಿದ್ದು ದ್ರವವನ್ನು ತಳ್ಳುವುದಕ್ಕೆ. ಆವಿಯನ್ನು ಹಿಂಡಿದರೆ ಅದು ಮುದುಡುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಮುಂದೆ ಹೋಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದಾಗ ಕಾರು ಏನೂ ಆಗದ ಹಾಗೆ ಗುರುಗುಟ್ಟಿತು. ಲಾರಿಯವನು ಒದ್ದೆ ಬೈರಾಸನ್ನು ಹಿಂಡಿ ಮತ್ತೆ ಹೆಗಲಿಗೆ ಹಾಕಿಕೊಂಡು ಹೋದ.

ಅಂದಿನಿಂದ ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಹಳೇ ಪಂಚೆಯ ತುಂಡು ಕಾಯಂ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪಯ್ಯ ಮುಂದೆ ಯಾವ ಗಾಡಿ ಎಲ್ಲಿ ನಿಂತಿದ್ದರೂ ಒದ್ದೆ ಬಟ್ಟೆಯನ್ನೇ ಬರೆದುಕೊಡುವ ವೈದ್ಯರಾದರು. ಜ್ವರದ ಹಣೆಗೆ ಪಟ್ಟಿ ಹಾಕಿದ ಹಾಗೆ ಡಿಸೆಂಬರಿನ ಚಳಿಯಲ್ಲೂ ಪಟ್ಟಿ, ಪಕ್ಕದ ಮನೆಯ ಸ್ಕೂಟರಿಗೂ ಪಟ್ಟಿ. ಒಂದು ಸಲ ಗೆದ್ದ ಮದ್ದನ್ನು ಬಿಡುವುದು ಯಾರಿಗೂ ಸುಲಭವಲ್ಲ. ನನಗೂ ಆಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಸೆಲ್ಫನ್ನು ಕಂಡುಹಿಡಿದವನ ಕತೆ ಹೇಳದಿದ್ದರೆ ತಪ್ಪಾಗುತ್ತದೆ. ಅದಕ್ಕೂ ಮೊದಲು ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಬೇಕಿತ್ತು. ನಮ್ಮೂರಿನ ಹಳೇ ಜೀಪುಗಳಿಗೆ ಹಾಗೆ ಹ್ಯಾಂಡಲ್ ಹೊಡೆದವರು ಈಗಲೂ ಸಿಗುತ್ತಾರೆ. ಎಂಜಿನ್ನು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಸುತ್ತದೆ ಬೆರಳುಗಳ ಜೊತೆಗೇ ಇಡಬೇಕು ಎಂದು ಅವರು ಈಗಲೂ ಕೈ ಹಿಡಿದು ತೋರಿಸುತ್ತಾರೆ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಎಂಬಾತ ಮೊದಲು ಅಂಗಡಿಯ ಗಲ್ಲಾಪೆಟ್ಟಿಗೆ ಮಾಡುವ ಕಂಪನಿಯಲ್ಲಿದ್ದ. ಗುಂಡಿ ಒತ್ತಿದರೆ ಕೆಲಸ ಮಾಡುವ ಗಲ್ಲಾಯಂತ್ರಕ್ಕೆ ಅಲ್ಲಿ ವಿದ್ಯುತ್ ಮೋಟರು ಕೂರಿಸಿದ್ದ. ಆ ಮೋಟರಿಗೆ ಸದಾ ದುಡಿಯುವ ಕಷ್ಟವಿಲ್ಲ. ಒಂದು ಕ್ಷಣ ಮೈಮೀರಿ ದುಡಿದು ಸುಮ್ಮನಿದ್ದರಾಯಿತು. ಹಾಗಾದರೆ ಸಣ್ಣ ಮೋಟರಿನಿಂದಲೂ ಒಂದು ಕ್ಷಣಕ್ಕೆ ದೊಡ್ಡ ಕೆಲಸ ತೆಗೆಯಬಹುದಲ್ಲ! ಇದೇ ಯೋಚನೆ ಕಾರಿಗೆ ಬಂತು. 1912ರ ಕ್ಯಾಡಿಲ್ಯಾಕ್ ಕಾರು ಸೆಲ್ಫ್ ಹೊತ್ತು ಬಂತು. ಸೆಲ್ಫನ್ನು ಒಂದೇ ಉಸಿರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಆರಲು ಬಿಡಬೇಕು ಎಂದು ಮೆಕ್ಯಾನಿಕ್‌ಗಳು ಗೋಗರೆಯುವುದರ ಹಿಂದೆ ಇರುವುದು ಇದೇ ಗಲ್ಲಾಪೆಟ್ಟಿಗೆ. ಅದು ಕ್ಷಣದ ದುಡಿಮೆಗೆ ಹುಟ್ಟಿದ ಜೀವ, ಗಾಣದ ಎತ್ತಲ್ಲ.

ಕೆಟರಿಂಗ್ ಮಾಡಿದ್ದು ಅದೊಂದೇ ಅಲ್ಲ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಮತ್ತು ಪಾಯಿಂಟಿನ ಏರ್ಪಾಡೂ ಅವನದೇ. ಆ ಕಾಲದಲ್ಲಿ ಅವನು ಕಟ್ಟಿದ ಸಂಸ್ಥೆ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಡೆಲ್ಕೋ. ಕಿಡಿಯನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡೆಲ್ಕೋ ಎಂದೇ ಹೆಸರು. ಓಹಾಯೋದ ಆ ಊರಿನ ಹೆಸರು ಕೇಳದವರೂ ದಿನಕ್ಕೆ ಹತ್ತು ಸಲ ಅದರ ಮೊದಲಕ್ಷರ ಜಪಿಸುತ್ತಾರೆ. ನಾನು ಇದನ್ನು ಓದಿದ ದಿನ ನನಗೊಂದು ವಿಷಯ ಹೊಳೆದು ನಗು ಬಂತು. ತಿರುಗಿಸುವುದೂ ಅವನದು, ಕಿಡಿ ಹೊತ್ತಿಸುವುದೂ ಅವನದು. ಸೆಲ್ಫ್ ಹೊಡೆದೂ ಕಿಡಿಯಿಲ್ಲದೆ ಕಾರು ನಿಂತಿದೆ ಎಂದರೆ ಒಬ್ಬನೇ ಅಪ್ಪನ ಇಬ್ಬರು ಮಕ್ಕಳಲ್ಲಿ ಒಬ್ಬ ದುಡಿಯುತ್ತಿದ್ದಾನೆ, ಇನ್ನೊಬ್ಬ ಮುನಿಸಿಕೊಂಡು ಮಲಗಿದ್ದಾನೆ. ನಮ್ಮ ಕಡೆ ಅಡಿಕೆ ತೋಟ ಪಾಲಾಗುವ ಮುಂಚಿನ ಎಷ್ಟೋ ಮನೆಗಳ ಹಾಗೆ.

ಈಗ ನನ್ನ ಕಾರಿಗೆ ಬರುತ್ತೇನೆ. ಮೂರು ಸಿಲಿಂಡರಿನ, ಕಾರ್ಬೊರೇಟರಿನ ಸಣ್ಣ ಕಾರು. ಹೆಸರು ಹೇಳುವುದಿಲ್ಲ, ತಪ್ಪು ಅದರದಲ್ಲ, ಆಷಾಢದ್ದು. ತೀರ್ಥಹಳ್ಳಿ ಸೀಮೆಯ ಆಷಾಢದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತದೆ. ಅಂಥದರಲ್ಲಿ ಕಾರು ಮಾತ್ರ ಗರಿಗರಿಯಾಗಿರಬೇಕು ಎಂದರೆ ಹೇಗೆ? ಒಂದು ಬೆಳಿಗ್ಗೆ ಕುಯ್ಯ ಕುಯ್ಯ ಶುರುವಾಯಿತು. ಚೋಕ್ ಎಳೆದೆ, ಹೊಡೆದೆ. ಆಕ್ಸಿಲರೇಟರ್ ತುಳಿದು ತುಳಿದು ಹೊಡೆದೆ. ಹೆಂಡತಿ ಅಡುಗೆಮನೆಯ ಕಿಟಕಿಯಿಂದ, 'ಅದಕ್ಕೆ ಬೇಸರ ಬಂದಿರ್ಬೇಕು, ಸ್ವಲ್ಪ ಬಿಡಿ' ಎಂದಳು. ಎಂಜಿನ್ನಿನ ವಿಷಯದಲ್ಲಿ ಆ ಬೆಳಿಗ್ಗೆ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ನಾನು ಬಿಡಲಿಲ್ಲ.

ಕೊನೆಗೆ ಮೇಸ್ತ್ರಿಗೆ ಹೇಳಿಕಳಿಸಿದೆ. ಕಂಬಳಿಕೊಪ್ಪೆಯ ಕಾಲ ಹೋಗಿ ಪ್ಲಾಸ್ಟಿಕ್ ಕೊಪ್ಪೆಯ ಕಾಲ ಬಂದಿತ್ತು. ಅದನ್ನು ಹೊದ್ದು ಟಿವಿಎಸ್ಸಿನಲ್ಲಿ ಬಂದರು. ಬಂದವರೇ ಬಾನೆಟ್ಟಿಗೆ ಕೈ ಹಾಕಲಿಲ್ಲ. ಸೈಲೆನ್ಸರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಮೂಸಿದರು. 'ಪೆಟ್ರೋಲ್ ಕುಡಿಸಿ ಕುಡಿಸಿ ಇಟ್ಟೀರಿ. ಇನ್ನು ಕೀಲಿ ಮುಟ್ಬೇಡಿ ಸಾರ್' ಎಂದರು. ಆಮೇಲೆ ಡೆಲ್ಕೋದ ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗೆ, ಇಡ್ಲಿ ಅಟ್ಟದ ಮುಚ್ಚಳದ ಅಡಿಯ ಹಾಗೆ, ಸಣ್ಣ ಸಣ್ಣ ಹನಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ಲು 20,000 ವೋಲ್ಟಿನ ಆಚೆಗೆ ಏರಿಸಿ ಕಳಿಸುತ್ತದೆ. ಅಷ್ಟು ಒತ್ತಡದಲ್ಲಿ ಬರುವ ಕರೆಂಟಿಗೆ ಪ್ಲಗ್ಗಿನ ತುದಿಯ ಕೂದಲೆಳೆಯ ಸಂದು ಹಾರುವುದು ಕಷ್ಟದ ಹಾದಿ. ಒದ್ದೆ ಮುಚ್ಚಳ ಸಿಕ್ಕರೆ ರಾಜಬೀದಿ. ಅದು ಹಾಗೇ ಜಾರಿ ಎಂಜಿನ್ನಿನ ಮೈಗೆ ಇಳಿದುಹೋಗುತ್ತಿತ್ತು. ಇತ್ತ ಕಿಡಿ ಇಲ್ಲ, ಅತ್ತ ನಾನು ಚೋಕ್ ಎಳೆದು ಸುರಿದ ಪೆಟ್ರೋಲಿನಲ್ಲಿ ಪ್ಲಗ್ಗುಗಳು ಮಿಂದು ಕೂತಿದ್ದವು.

'ಬಚ್ಚಲೊಲೆ ಉರೀತಾ ಉಂಟಾ?' ಎಂದು ಮೇಸ್ತ್ರಿ ಕೇಳಿದರು.

ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆ ಆರುವುದುಂಟೇ? ಹಂಡೆಯ ಪಕ್ಕದ ಕಟ್ಟೆಯ ಮೇಲೆ ಒಂದು ಕಡೆ ಮಗನ ಯೂನಿಫಾರಂ ಚಡ್ಡಿ, ಒಂದು ಕಡೆ ಅಪ್ಪಯ್ಯನ ಮಫ್ಲರು, ನಡುವೆ ಡೆಲ್ಕೋದ ಮುಚ್ಚಳ. ಒದ್ದೆ ಪ್ಲಗ್ಗುಗಳನ್ನು ಮೇಸ್ತ್ರಿ ಹೊರಗೇ ಒರೆಸಿ, ಊದಿ, ಪೆಟ್ರೋಲಿನ ವಾಸನೆ ಹೋದ ಮೇಲೆ ಒಳಗೆ ಕಳಿಸಿದರು. ಅಮ್ಮ ಬಂದು ನೋಡಿ, 'ಇವತ್ತು ಕಾರಿಗೂ ಎಣ್ಣೆನೀರಾ?' ಎಂದಳು. ಅರ್ಧ ಗಂಟೆಯ ಮೇಲೆ ಎಲ್ಲ ಬಿಸಿಬಿಸಿಯಾಗಿ ವಾಪಸು ಜೋಡಿಸಿ, ಮೇಸ್ತ್ರಿ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು, ಪದೇ ಪದೇ ತುಳಿಯದೆ, ಸೆಲ್ಫ್ ಹೊಡೆದರು. ಹಾಗೆ ಒತ್ತಿ ಹಿಡಿದರೆ ಗಾಳಿಯ ಬಾಗಿಲು ಪೂರಾ ತೆರೆದು ಒಳಗಿನ ಹೆಚ್ಚುವರಿ ಪೆಟ್ರೋಲು ಹೊರಬೀಳುತ್ತದೆ. ಕಾರು ಕಪ್ಪು ಹೊಗೆ ಕಾರಿ ಎದ್ದಿತು. ಮುಚ್ಚಳಕ್ಕೆ ಹಾಲಿನ ಪ್ಲಾಸ್ಟಿಕ್ ಕವರು ಸುತ್ತಿ ಕಟ್ಟಿದರು. ದೀಪಾವಳಿಯವರೆಗೂ ಆ ಕವರು ಅಲ್ಲೇ ಇತ್ತು.

ಆ ದಿನ ಕಾಫಿ ಕುಡಿಯುತ್ತ ಮೇಸ್ತ್ರಿ ಹೇಳಿದ್ದನ್ನು ನಾನು ಈಗಲೂ ನೆನಪಿನಲ್ಲಿಟ್ಟಿದ್ದೇನೆ, ಅನುಸರಿಸಿದ್ದೇನೆ ಎಂದಲ್ಲ. ಅವರ ಮೊದಲ ಉಪಕರಣ ಪಾನವೂ ಅಲ್ಲ, ಸ್ಕ್ರೂ ಡ್ರೈವರೂ ಅಲ್ಲ. 'ನಿನ್ನೆ ಎಂತ ಮಾಡಿದ್ರಿ?' ಎಂಬ ಪ್ರಶ್ನೆ. ನಿನ್ನೆ ತೊಳೆಸಿದ್ದರೆ ಒಂದು ದಾರಿ, ಪೆಟ್ರೋಲು ಹಾಕಿಸಿದ್ದರೆ ಒಂದು ದಾರಿ, ಯಾರಾದರೂ ಒಳಗೆ ಕೈ ಹಾಕಿದ್ದರೆ ಇನ್ನೊಂದು ದಾರಿ. ಎರಡನೆಯ ಉಪಕರಣ ಮೂಗು. ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲಿನ ವಾಸನೆ ಬಂದರೆ, ಪೆಟ್ರೋಲು ಬರುತ್ತಿದೆ, ಕಿಡಿಯ ಕಡೆ ಹುಡುಕು. ವಾಸನೆಯೇ ಇಲ್ಲವಾದರೆ ಟ್ಯಾಂಕಿನಿಂದ ಹುಡುಕುತ್ತ ಬಾ. ಟ್ಯಾಂಕೆಂದರೆ ಟ್ಯಾಂಕೇ, ಮುಳ್ಳಲ್ಲ. ಮುಳ್ಳು ಕಾಲು ಭಾಗದಲ್ಲಿ ಸಿಕ್ಕಿಹಾಕಿಕೊಂಡು ಸುಳ್ಳು ಹೇಳುವ ಕಾರುಗಳು ಎಷ್ಟೋ ಇವೆ. ಮುಚ್ಚಳ ತೆಗೆದು, ಕಾರನ್ನು ಅಲ್ಲಾಡಿಸಿ, ಒಳಗೆ 'ಗುಳಕ್' ಕೇಳುತ್ತದೆಯೇ ನೋಡು. ಕಿಡಿ ನೋಡಲು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಸೆಲ್ಫ್ ಹೊಡೆಸು. ನೀಲಿಯಾಗಿ ಚಿಟ್ ಚಿಟ್ ಅನ್ನಬೇಕು. (ಇದನ್ನು ಒಮ್ಮೆ ನಾನೇ ಮಾಡಲು ಹೋಗಿ ಹಿಡಿಯಬಾರದ ಕಡೆ ಹಿಡಿದು, ಗತಿಸಿದ ಅಜ್ಜಿಯನ್ನು ಹತ್ತಿರದಿಂದ ಕಂಡು ಬಂದಿದ್ದೇನೆ.) ಪೆಟ್ರೋಲೂ ಇದೆ, ಕಿಡಿಯೂ ಇದೆ ಎಂದಾದರೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಒಳಗೆ ದಮ್ ಇದೆಯೇ ನೋಡಬೇಕು. ಟೈಮಿಂಗ್ ಬೆಲ್ಟ್ ಹರಿದಿದ್ದರೆ ಸೆಲ್ಫಿನ ಸದ್ದೇ ಬದಲಾಗುತ್ತದೆ. ಏರಿಳಿತವಿಲ್ಲದೆ, ಹೊರೆ ಇಳಿಸಿದವರ ನಡಿಗೆಯ ಹಾಗೆ, ಹಗುರಾಗಿ ತಿರುಗುತ್ತದೆ. 'ಆ ಸದ್ದು ಕೇಳಿದ್ರೆ ಹೊಡೀಲೇಬೇಡಿ ಸಾರ್, ಹಗ್ಗ ತರ್ಸಿ' ಎಂದರು. ಹಗ್ಗವೆಂದರೆ ಎಳೆದೊಯ್ಯುವುದಕ್ಕೆ.

ಇಷ್ಟೆಲ್ಲ ಕೇಳಿ ನಾನು ಕಲಿತದ್ದು ಒಂದೇ: ಕಾರು ಸ್ಟಾರ್ಟ್ ಆಗದಿದ್ದರೆ ಡೆಲ್ಕೋ ಮುಚ್ಚಳವನ್ನು ಒಲೆಯ ಹತ್ತಿರ ಇಡಬೇಕು.

ಅದರ ಪರೀಕ್ಷೆ ಎರಡು ವರ್ಷದ ಮೇಲೆ, ಕೊಪ್ಪದ ಕಡೆಯ ಒಂದು ಮದುವೆಮನೆಯಲ್ಲಿ ಆಯಿತು. ಹೆಂಡತಿಯ ಚಿಕ್ಕಮ್ಮನ ಮಗಳ ಮದುವೆ, ಮೇ ತಿಂಗಳು, ನೆತ್ತಿ ಸುಡುವ ಬಿಸಿಲು. ಊಟ ಮುಗಿಸಿ, ತಾಂಬೂಲ ಹಿಡಿದು, ಎಲ್ಲರೂ ಹತ್ತಿ ಕೂತೆವು. ಹೆಂಡತಿ ಹಿಂದೆ ಅಮ್ಮನ ಜೊತೆ. ಮುಂದೆ ಅಪ್ಪಯ್ಯನ ತೊಡೆಯ ಮೇಲೆ ಭಾವಮೈದುನನ ನಾಲ್ಕು ವರ್ಷದ ಮಗಳು, ಕಾಲು ಬೀಸುತ್ತ. ಕೀಲಿ ತಿರುಗಿಸಿದೆ. ಕುಯ್ಯ ಕುಯ್ಯ ಕುಯ್ಯ.

ಮದುವೆಮನೆಯ ಅಂಗಳದಲ್ಲಿ ಊಟ ಮುಗಿಸಿದ ಗಂಡಸರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೇ? ಬಾನೆಟ್ ಏಳುವ ಮೊದಲೇ ಸುತ್ತ ಹದಿನೈದು ತಲೆ. ಲೈನ್‌ಮನ್ ಆಗಿ ನಿವೃತ್ತರಾದ ಸೋದರಮಾವ, 'ಫೇಸ್ ಹೋಗಿದೆ' ಎಂದರು. ತೋಟಕ್ಕೆ ಡೀಸೆಲ್ ಪಂಪು ಇಟ್ಟಿದ್ದ ಭಾವ, 'ಏರ್ ಹಿಡ್ದಿದೆ, ಪೈಪ್ ಲೂಸ್ ಮಾಡಿ ಏರ್ ಬಿಡಿ' ಎಂದ. ಡೀಸೆಲ್ ಎಂಜಿನ್ನಿನಲ್ಲಿ ಅದು ನಿಜವಾದ ರೋಗ. ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದರೆ ಕೈಪಂಪು ಒತ್ತಿ ಒತ್ತಿ ಅದನ್ನು ಹೊರದಬ್ಬುವವರೆಗೆ ಹೊತ್ತಿಕೊಳ್ಳುವುದಿಲ್ಲ. ನನ್ನದು ಪೆಟ್ರೋಲ್ ಕಾರು ಎಂದು ಹೇಳಿದ ಮೇಲೂ ಭಾವ ಅಭಿಪ್ರಾಯ ಬದಲಿಸಲಿಲ್ಲ. ಅಷ್ಟರಲ್ಲಿ ಅಪ್ಪಯ್ಯ ಡಿಕ್ಕಿ ತೆಗೆದು ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿದ್ದರು. ಬಿಸಿಲಿನ ದಿನವಾದ್ದರಿಂದ ಅವರ ಮಾತಿಗೆ ಅವತ್ತು ತೂಕವಿತ್ತು. ಪಟ್ಟಿ ಹಾಕಿದೆವು, ಕಾದೆವು, ಆಗಲಿಲ್ಲ. 'ತಳ್ಳುವ' ಎಂದರು ಹುಡುಗರು. ಮಡಿಸಿ ಕಟ್ಟಿದ ರೇಷ್ಮೆ ಪಂಚೆಯ ಎಂಟು ಜನ ತಳ್ಳಿದರು. ಎರಡನೇ ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು, ಒಬ್ಬನ ಪಂಚೆ ಜಾರಿತು, ಹೆಂಗಸರ ಕಡೆಯಿಂದ ನಗು ಬಂತು. ಅಮ್ಮ ಗಣಪತಿಗೆ ಕಾಯಿ ಹೇಳಿಕೊಂಡಳು.

ಆಗ ನಾನು ಗಂಭೀರವಾಗಿ ಡೆಲ್ಕೋ ಮುಚ್ಚಳವನ್ನು ನಾಲ್ಕೂ ವೈರು ಕಿತ್ತು ಬಿಚ್ಚಿಕೊಂಡು ಅಡುಗೆಯ ಚಪ್ಪರಕ್ಕೆ ನಡೆದೆ. ಹೋಳಿಗೆಯ ಕಾವಲಿ ಇಳಿಸಿ ಕೂತಿದ್ದ ಅಡುಗೆಭಟ್ಟರು, 'ಇದೆಂಥದ್ದು?' ಎಂದರು. 'ಸ್ವಲ್ಪ ಬಿಸಿ ಮಾಡ್ಬೇಕಿತ್ತು' ಎಂದೆ. 'ಊಟ ಸರಿಯಾಗ್ಲಿಲ್ವಾ?' ಎಂದರು ಭಟ್ಟರು. ಮೇ ತಿಂಗಳ ಬಿಸಿಲಿನಲ್ಲಿ ಒಣಗಿ ಸದ್ದು ಮಾಡುವಂತಿದ್ದ ಮುಚ್ಚಳವನ್ನು ನಾನು ಕೆಂಡದ ಹತ್ತಿರ ಹತ್ತು ನಿಮಿಷ ಒಣಗಿಸಿದೆ. ಅಪ್ಪಯ್ಯನ ಒದ್ದೆ ಬಟ್ಟೆಯನ್ನು ಆಡಿಕೊಂಡು ನಕ್ಕವನು ನಾನೇ ಎಂಬುದು ಆ ಹತ್ತು ನಿಮಿಷದಲ್ಲಿ ನೆನಪಿಗೆ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಯಾರದೋ ಬೈಕಿನ ಹಿಂದೆ ಅಲ್ಲಿಯ ಗ್ಯಾರೇಜಿನ ಹುಡುಗ ಬಂದ. ತಳ್ಳಿದ ಕತೆ ಕೇಳಿ, 'ಸೆಲ್ಫ್ ತಿರುಗ್ಸಿದ್ದನ್ನೇ ನೀವು ಮತ್ತೆ ಕಾಲಲ್ಲಿ ತಿರುಗ್ಸಿದ್ರಿ' ಎಂದ. ಎಂಟು ಜನ ದೊಡ್ಡವರೂ ಬೇರೆ ಬೇರೆ ದಿಕ್ಕು ನೋಡಿದರು. ಕಾಯಿಲ್ಲಿನಿಂದ ಬರುವ ದಪ್ಪ ವೈರನ್ನೇ ಹಿಡಿದು ನೋಡಿದ, ಅಲ್ಲೂ ಕಿಡಿ ಇಲ್ಲ. ಎರಡು ವೈರಿಗೆ ಕಟ್ಟಿದ ಸಣ್ಣ ಬಲ್ಬನ್ನು ಜೇಬಿನಿಂದ ತೆಗೆದು ಕಾಯಿಲ್ಲಿಗೆ ತಾಗಿಸಿ, 'ಕೀಲಿ ಆನ್ ಮಾಡಿ' ಎಂದ. ಬಲ್ಬು ಹತ್ತಲಿಲ್ಲ. 'ಕಾಯಿಲ್ಲಿಗೇ ಕರೆಂಟ್ ಬರ್ತಿಲ್ಲ. ನಡುವೆ ಎಲ್ಲೋ ಕಟ್ಟಾಗಿದೆ. ಎಕ್ಸ್‌ಟ್ರಾ ಸ್ವಿಚ್ ಏನಾದ್ರೂ ಹಾಕ್ಸಿದ್ರಾ ಸಾರ್?'

'ಇಲ್ಲ' ಎಂದೆ, ಖಡಾಖಂಡಿತವಾಗಿ.

'ಅಯ್ಯೋ, ಕಳ್ಳ ಸ್ವಿಚ್ಚು!' ಎಂದಳು ಹಿಂದಿನಿಂದ ಹೆಂಡತಿ.

ಕಾರು ಕೊಂಡ ಹೊಸದರಲ್ಲಿ ಶಿವಮೊಗ್ಗದಲ್ಲಿ ಕಾರು ಕಳ್ಳತನದ ಸುದ್ದಿ ಕೇಳಿ ಹೆದರಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಎಡಗಡೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಸ್ವಿಚ್ ಹಾಕಿಸಿದ್ದೆ. ಆರಿಸಿಟ್ಟರೆ ಕಾಯಿಲ್ಲಿಗೆ ಕರೆಂಟು ಹೋಗುವುದಿಲ್ಲ. ಕಳ್ಳ ಬಂದು ಸೆಲ್ಫ್ ಹೊಡೆದು ಹೊಡೆದು ಬೇಸತ್ತು ಹೋಗಲಿ ಎಂಬುದು ಲೆಕ್ಕಾಚಾರ. ಹದಿನೈದು ದಿನ ಶ್ರದ್ಧೆಯಿಂದ ಆರಿಸಿದೆ, ಆಮೇಲೆ ಮರೆತೆ. ಕಳ್ಳನಿಗೆಂದು ಮುಚ್ಚಿಟ್ಟದ್ದು ನನಗೇ ಮುಚ್ಚಿಹೋಯಿತು. ಅಪ್ಪಯ್ಯನ ತೊಡೆಯ ಮೇಲೆ ಕೂತು ಕಾಲು ಬೀಸುತ್ತಿದ್ದ ಮಗುವಿನ ಬೆಳ್ಳಿಗೆಜ್ಜೆ ಸರಿಯಾಗಿ ಅದಕ್ಕೇ ತಾಗಿತ್ತು. ಹುಡುಗ ಕೈ ತೂರಿಸಿ 'ಟಿಕ್' ಅನ್ನಿಸಿದ. ಬಲ್ಬು ಹತ್ತಿತು.

ಕತೆ ಅಲ್ಲಿಗೇ ಮುಗಿದಿದ್ದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು. ಕೀಲಿ ತಿರುಗಿಸಿದಾಗ ಕಾರು ಎದ್ದಿತು ನಿಜ, ಆದರೆ 'ಪಟ್, ಪಟಾರ್' ಎಂದು ದೀಪಾವಳಿ ಆಚರಿಸುತ್ತ, ಮೈಯೆಲ್ಲ ನಡುಗಿಸುತ್ತ. ಹುಡುಗ ಡೆಲ್ಕೋ ಮುಚ್ಚಳವನ್ನು ನೋಡಿದ, ನನ್ನನ್ನು ನೋಡಿದ. ಮೂರು ಸಿಲಿಂಡರು ಹೊತ್ತುವುದು ಒಂದು, ಮೂರು, ಎರಡರ ಸರದಿಯಲ್ಲಿ. ನಾನು ಅಡುಗೆಯ ಚಪ್ಪರದಿಂದ ಬಂದು ಎರಡು ವೈರುಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಒಬ್ಬನ ಸರದಿಗೆ ಇನ್ನೊಬ್ಬ ಎದ್ದು ಕೂಗುತ್ತಿದ್ದ. ಹುಡುಗ ಮಾತಿಲ್ಲದೆ ಎರಡನ್ನೂ ಬದಲಿಸಿದ. ಎಷ್ಟಾಯಿತಪ್ಪ ಎಂದೆ. 'ಸ್ವಿಚ್ಚಿಗೆ ಏನೂ ಬೇಡ ಸಾರ್' ಎಂದು ತುಸು ಯೋಚಿಸಿ, 'ವೈರಿಗೆ ನೂರು ರೂಪಾಯಿ ಕೊಡಿ' ಎಂದ. ಅಪ್ಪಯ್ಯ ಕೊಟ್ಟರು. ದಾರಿಯುದ್ದಕ್ಕೂ ಅವರು ಒದ್ದೆ ಬಟ್ಟೆಯನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು, ನನ್ನ ಕಡೆ ನೋಡದೆ, ಬಹಳ ಪ್ರಸನ್ನರಾಗಿದ್ದರು.

ಈಗಿನ ಕಾರಿನಲ್ಲಿ ಈ ಯಾವ ಸುಖವೂ ಇಲ್ಲ. 2000ದ ಆಸುಪಾಸಿನಿಂದ ಹೊಸ ಕಾರುಗಳಲ್ಲಿ ಕಾರ್ಬೊರೇಟರು ಮರೆಯಾಯಿತು; ಚೋಕ್ ಇಲ್ಲ, ಡೆಲ್ಕೋ ಇಲ್ಲ, ಪಾಯಿಂಟ್ ಇಲ್ಲ. ಕೀಲಿಯ ತಲೆಯೊಳಗೇ ಒಂದು ಚಿಪ್ಪು ಕೂತಿದೆ. ಕಾರು ಅದನ್ನು ಗುರುತಿಸದಿದ್ದರೆ ಸ್ವಂತ ಯಜಮಾನನನ್ನೂ ಕಳ್ಳನೆಂದೇ ಬಗೆಯುತ್ತದೆ. ನನ್ನ ಕಳ್ಳ ಸ್ವಿಚ್ಚನ್ನು ಕಂಪನಿಯವರೇ ಅಚ್ಚುಕಟ್ಟಾಗಿ ಮಾಡಿದ್ದಾರೆ ಅಷ್ಟೆ. ಹೋದ ವರ್ಷ ಈ ಕಾರೂ ಒಂದು ದಿನ ಕುಯ್ಯ ಕುಯ್ಯ ಅಂದಿತು. ಮೇಸ್ತ್ರಿಯ ಮಗ ಬಂದ. ಅವನು ಮೂಸಲಿಲ್ಲ, ಕೇಳಲಿಲ್ಲ. ಸ್ಟೀರಿಂಗಿನ ಅಡಿಯ ಹದಿನಾರು ಪಿನ್ನಿನ ಕಿಂಡಿಗೆ ಒಂದು ಡಬ್ಬಿ ಸಿಕ್ಕಿಸಿ ಪರದೆಯಲ್ಲಿ ಓದಿದ: ಪಿ0335. ಎಂಜಿನ್ನು ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ. ಊರಿಗೆಲ್ಲ ಕೇಳುವ ಹಾಗೆ ತಿರುಗುತ್ತಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಎಂಜಿನ್ನು ನಿಂತಿದೆ. ಕಾಗದ ಬರದೆ ಅದು ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಬಿಡದು. ಹೊಸ ಸೆನ್ಸರು ತರಿಸಿ ಹಾಕಿದ. ಆಗಲಿಲ್ಲ. ಮರುದಿನ ಹಳೇ ಮೇಸ್ತ್ರಿಯೇ, ಈಗ ಕನ್ನಡಕ ಬಂದಿದೆ, ನಿಧಾನವಾಗಿ ಬಂದು, 'ನಿನ್ನೆ ಎಂತ ಮಾಡಿದ್ರಿ?' ಎಂದು ಕೇಳಿದರು. ಏನೂ ಮಾಡಿಲ್ಲ, ನಾಲ್ಕು ದಿನ ಅಡಿಕೆ ರಾಶಿಯ ಪಕ್ಕ ನಿಂತಿತ್ತು ಎಂದೆ. ಅವರು ಬಗ್ಗಿ ಟಾರ್ಚು ಬಿಟ್ಟು, ವೈರಿನ ಗುಂಟ ಬೆರಳು ಆಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಇಲಿ ಕಡಿದಿತ್ತು. ಡಬ್ಬಿ ಸುಳ್ಳು ಹೇಳಿರಲಿಲ್ಲ. ಸುದ್ದಿ ಬರುತ್ತಿಲ್ಲ ಎಂದಿತ್ತು, ಸುದ್ದಿಗಾರ ಸತ್ತ ಎಂದಿರಲಿಲ್ಲ. ವೈರು ಕೂಡಿಸಿ, ಹೊಗೆಸೊಪ್ಪಿನ ಒಂದು ಗಂಟು ಬಾನೆಟ್ಟಿನೊಳಗೆ ಕಟ್ಟಿ ಹೋದರು. ಇಲಿಗೆ ಅದು ಹಿಡಿಸಿದೆಯೋ ಇಲ್ಲವೋ, ಕಾರಿನೊಳಗೆ ಕೂತರೆ ನನಗೆ ಮಾತ್ರ ದೊಡ್ಡಪ್ಪನ ಪಕ್ಕ ಕೂತ ಹಾಗೆ ವಾಸನೆ.

ಹಳೆಯ ಮೂರು ಸಿಲಿಂಡರಿನ ಕಾರನ್ನು ಹೊಸದು ಬಂದಾಗಲೇ ಮಾರಿದ್ದೆ. ಹೊಸನಗರದ ಕಡೆಯ ಒಬ್ಬರು ಮೇಷ್ಟ್ರು ಕೊಂಡರು. ಕಾಗದಪತ್ರ, ಎರಡನೇ ಕೀಲಿ, ಸ್ಟೆಪ್ನಿ, ಜ್ಯಾಕು, ಡೆಲ್ಕೋಗೆ ಸುತ್ತಲು ಎರಡು ಹಾಲಿನ ಕವರು, ಎಲ್ಲ ನೆನಪಿಟ್ಟು ಕೊಟ್ಟೆ. ಒಂದು ತಿಂಗಳಾಗಿತ್ತು. ರಾತ್ರಿ ಎಂಟೂವರೆಗೆ, ಊಟಕ್ಕೆ ಕೂರುವ ಹೊತ್ತಿಗೆ, ಫೋನು ಬಂತು. ಮೇಷ್ಟ್ರ ದನಿಯಲ್ಲಿ ಮರ್ಯಾದೆ ಇನ್ನೂ ಇತ್ತು, ತಾಳ್ಮೆ ಮಾತ್ರ ಮುಗಿಯುತ್ತ ಬಂದಿತ್ತು. ಎಲ್ಲೋ ದಾರಿಯಲ್ಲಿ ನಿಂತಿದ್ದಾರಂತೆ, ನಾಲ್ಕು ಜನ ಸೇರಿದ್ದಾರಂತೆ, ಕಾರ್ಬೊರೇಟರ್ ಬಿಚ್ಚಬೇಕು ಅಂತಿದ್ದಾರಂತೆ. ಅವರ ಮಾತಿನ ಹಿಂದೆ, ಕಪ್ಪೆಗಳ ಗದ್ದಲದ ನಡುವೆ, ಯಾರೋ ಕೀಲಿ ತಿರುಗಿಸುತ್ತಲೇ ಇದ್ದರು. ಕುಯ್ಯ ಕುಯ್ಯ ಕುಯ್ಯ ಕುಯ್ಯ. ಭೀಮರಾಜನೂ ಅಷ್ಟು ಚೆನ್ನಾಗಿ ಕೂಗಿರಲಾರದು.

'ಒಂದು ನಿಮಿಷ ಮೇಷ್ಟ್ರೇ, ಏನೂ ಬಿಚ್ಚಿಸ್ಬೇಡಿ' ಎಂದೆ. 'ಮುಂದಿನ ಸೀಟಲ್ಲಿ ಮಕ್ಕಳು ಯಾರಾದ್ರೂ ಕೂತಿದಾರಾ?'